ಮೂಟೆಯ ತಳದ ಸಲ್ಫೈಟು

ಕಳೆದ ತಿಂಗಳು ಕಾಲೇಜು ಹುಡುಗಿಯೊಬ್ಬಳು ನನ್ನ ಅಂಗಡಿಯ ಗಾಜಿನ ಮೇಜಿನ ಮೇಲೆ ಪುಟ್ಟ ಕಪ್ಪು ಡಬ್ಬಿಯೊಂದನ್ನು ಇಟ್ಟಳು. ತೆರೆದೆ. ಫಿಲ್ಮಿನ ವಾಸನೆ ನೇರ ಮೂಗಿಗೆ ಬಡಿಯಿತು. ನಾನೀಗ ದೊಡ್ಡಬಳ್ಳಾಪುರದಲ್ಲಿ ಫ್ಲೆಕ್ಸ್ ಬ್ಯಾನರು ಮಾಡಿಕೊಡುವವನು, ಟೀ ಕಪ್ಪಿನ ಮೇಲೆ ಫೋಟೋ ಅಚ್ಚು ಹಾಕುವವನು. ಆ ವಾಸನೆ ಮೂಸಿ ಎಷ್ಟು ವರ್ಷವಾಗಿತ್ತೋ.

"ಅಂಕಲ್, ಬ್ಲಾಕ್ ಅಂಡ್ ವೈಟು. ಬೆಂಗ್ಳೂರಲ್ಲಿ ಕೊಟ್ರೆ ಮೂರು ವಾರ ಅಂತಾರೆ. ನೀವು ತೊಳೀತೀರಾ?"

ಗಿರಾಕಿಗೆ ಆಗುವುದಿಲ್ಲ ಎನ್ನುವ ಅಭ್ಯಾಸ ನನಗಿಲ್ಲ. "ತೊಳೀತೀನಿ ಬಿಡಮ್ಮ. ಫ್ರೆಂಡ್ಸ್ ಹತ್ರ ಇದ್ರೆ ಅವ್ರದ್ದೂ ತಗೊಂಡ್ಬಾ" ಎಂದುಬಿಟ್ಟೆ. ನಾಲ್ಕು ದಿನದಲ್ಲಿ ಒಂಬತ್ತು ಡಬ್ಬಿ ಸೇರಿದವು. ಅಂಗಡಿಯ ಹಿಂದಿನ ಬಚ್ಚಲಿನ ಕಿಟಕಿಗೆ ಹಳೆಯ ಫ್ಲೆಕ್ಸನ್ನೇ ಎರಡು ಪದರ ಮಾಡಿ ಬಡಿದೆ. ಡಾರ್ಕ್‌ರೂಮು ತಯಾರು. ಫಿಲ್ಮಿನ ಮೇಲೆ ಚಿತ್ರ ಮೂಡಿಸುವ ಡೆವಲಪರನ್ನು ಮಾತ್ರ ಕೊಳ್ಳಬೇಡಿ, ನಾಲ್ಕು ಪುಡಿ ತಂದು ಮನೆಯಲ್ಲೇ ಕಲಸಿ. ಒಂದು ಪುಡಿ ಪೂರ್ತಿ ಕರಗುವವರೆಗೆ ಇನ್ನೊಂದಕ್ಕೆ ಕೈ ಹಾಕಬೇಡಿ. ಕಂದು ಗಾಜಿನ ಬಾಟಲಿಯಲ್ಲಿ ಕತ್ತಿನವರೆಗೂ ತುಂಬಿಡಿ. ಒಳಗೆ ಗಾಳಿ ಉಳಿದಷ್ಟೂ ಬೇಗ ಕೆಡುತ್ತದೆ.

ಇಷ್ಟೆಲ್ಲ ಬುದ್ಧಿ ಹೇಳುವ ನಾನು ಇದನ್ನು ಕಲಿತದ್ದು ಜಯಕ್ಕನಿಂದ. ಆಗ ಬಸ್ ಸ್ಟ್ಯಾಂಡಿನ ಹತ್ತಿರದ ಸ್ಟುಡಿಯೋ ಒಂದರಲ್ಲಿ ನಾನು ಲೈಟು ಹಿಡಿಯುವವನು. ಓನರಿನ ಅಣ್ಣನ ಹೆಂಡತಿ ಜಯಕ್ಕ. ಗಂಡ ತೀರಿಹೋದ ಮೇಲೆ ಹಿಂದಿನ ಕತ್ತಲೆ ಕೋಣೆಯ ಕೆಲಸವೆಲ್ಲ ಅವರದೇ. ಮುಂದೆ ಕೂತ ಓನರಿಗೆ ಗಿರಾಕಿಗಳು "ಏನ್ ಕೈ ಸಾರ್ ನಿಮ್ಮದು" ಅನ್ನುತ್ತಿದ್ದರು. ಓನರು ಸುಮ್ಮನೆ ನಗುತ್ತಿದ್ದರು.

ಡೆವಲಪರ್ ಖರ್ಚಾದಂತೆಲ್ಲ ಜಯಕ್ಕ ಬಾಟಲಿಗೆ ಗಾಜಿನ ಗೋಲಿ ಹಾಕುತ್ತಿದ್ದರು. ನೀರು ಮೇಲೇರಿ ಗಾಳಿಗೆ ಜಾಗವೇ ಇರುತ್ತಿರಲಿಲ್ಲ. ಗೋಲಿ ಮಾರುವ ಮೂಲೆ ಅಂಗಡಿಯವನು ಒಮ್ಮೆ, "ನಿಮ್ಮ ಸ್ಟುಡಿಯೋದಲ್ಲಿ ಗೋಲಿ ಆಡೋರು ಯಾರಪ್ಪಾ?" ಎಂದು ನನ್ನನ್ನೇ ಕೇಳಿದ್ದ.

ಪುಡಿ ತರುವುದು ನನ್ನ ಪಾಲು. ನಮ್ಮದು ಮಗ್ಗದ ಊರಾದ್ದರಿಂದ ನೂಲಿಗೆ ಬಣ್ಣ ಹಾಕುವವರಿಗೆ ಕೆಮಿಕಲ್ ಮಾರುವ ಅಂಗಡಿಯಲ್ಲೇ ಆ ನಾಲ್ಕು ಪುಡಿಗಳಲ್ಲೊಂದಾದ ಸಲ್ಫೈಟೂ ಸಿಗುತ್ತಿತ್ತು. ಒಂದು ದಿನ ಅಲ್ಲಿ ಬಾಯಿ ಬಿಚ್ಚಿಕೊಂಡು ನಿಂತಿದ್ದ ಸಲ್ಫೈಟಿನ ಮೂಟೆಯೊಂದನ್ನು ನೋಡಿದೆ. ತಳದಲ್ಲಿ ಉಳಿದದ್ದು ಗಟ್ಟಿ ಹೆಂಟೆಯಾಗಿತ್ತು. "ಇದನ್ಯಾರು ತಗೋತಾರೆ, ಅರ್ಧಕ್ಕೆ ಕೊಡಿ" ಅಂದೆ. ಕೊಟ್ಟೇಬಿಟ್ಟ. ನನ್ನ ರೂಮಿಗೆ ಒಯ್ದು ಗುಂಡುಕಲ್ಲಲ್ಲಿ ಕುಟ್ಟಿ, ಜರಡಿ ಹಿಡಿದು, ಹೊಸದರಂತೆ ಮಾಡಿ ಡಬ್ಬಕ್ಕೆ ತುಂಬಿಟ್ಟೆ. ಅದನ್ನು ನೆನೆದು ಎರಡು ದಿನ ಎದೆಯುಬ್ಬಿಸಿಕೊಂಡು ಓಡಾಡಿದೆ.

ನನಗೆ ಗೊತ್ತಿಲ್ಲದಿದ್ದದ್ದು ಇಷ್ಟೇ: ಗಾಳಿಯಿಂದ ಡೆವಲಪರನ್ನು ಕಾಯುವುದೇ ಸಲ್ಫೈಟಿನ ಕೆಲಸ. ಮೂಟೆಯಲ್ಲೇ ಅದಕ್ಕೆ ಗಾಳಿ ತಾಗಿ ಸತ್ವ ಹೋಗಿದ್ದರೆ ಕಾವಲಿಗೆ ಉಳಿಯುವುದೇನು?

ಜಯಕ್ಕ ಅದೇ ಪುಡಿಯಲ್ಲಿ ಡೆವಲಪರ್ ಕಲಸಿ, ಬಾಟಲಿ ಮುಚ್ಚಿಟ್ಟು, ನೆಂಟರ ಮನೆಗೆಂದು ಮೂರು ದಿನ ಆವತಿಗೆ ಹೋದರು. ಅಷ್ಟರಲ್ಲಿ ಪಕ್ಕದ ಮಧುರೆಯ ಮದುವೆಯೊಂದರ ಫಿಲ್ಮು ಬಂತು. ಓನರು ತೊಳೆಯಲು ನನಗೇ ಹೇಳಿದರು. ಬಾಟಲಿ ಬಗ್ಗಿಸಿದರೆ, ನೀರಿನಂತೆ ತಿಳಿಯಾಗಿರಬೇಕಾದದ್ದು ಟೀ ಬಣ್ಣ. ಫಿಲ್ಮಿನ ತುದಿಯನ್ನು ಕತ್ತರಿಸಿ ಬೆಳಕಿನಲ್ಲೇ ಅದಕ್ಕೆ ಅದ್ದಿ ನೋಡಬೇಕಿತ್ತು. ಕೆಲವೇ ನಿಮಿಷದಲ್ಲಿ ಕಪ್ಪಾದರೆ ಡೆವಲಪರಿಗೆ ಜೀವವಿದೆ, ಇಲ್ಲದಿದ್ದರೆ ಇಲ್ಲ. ನಾನು ಅದ್ದಲಿಲ್ಲ. ಮೂರು ನಿಮಿಷ ಹೆಚ್ಚು ಬಿಟ್ಟರೆ ಬರುತ್ತದೆ ಎಂದುಕೊಂಡೆ. ಹೊರಗೆ ತೆಗೆದಾಗ ಫಿಲ್ಮು ತೊಳೆದ ಗಾಜಿನಂತಿತ್ತು. ಧಾರೆಯೂ ಇಲ್ಲ, ತಾಳಿಯೂ ಇಲ್ಲ.

ಜಯಕ್ಕ ಬಂದ ದಿನ ಓನರು ನನ್ನೆದುರಿಗೇ ಕೇಳಿದರು. "ಅತ್ತಿಗೆ, ಬಾಟ್ಲಿ ಮುಚ್ಚಳ ಸರಿಯಾಗಿ ಹಾಕಿದ್ರಾ?"

"ಹಾಕಿದ್ದೆ ಕಣಪ್ಪ" ಎಂದರು. ಆಮೇಲೆ ಸಣ್ಣ ದನಿಯಲ್ಲಿ, "ಬಸ್ಸಿಗೆ ಹೊತ್ತಾಗಿತ್ತು" ಎಂದರು.

ನಾನು ಲೈಟಿನ ವಯರು ಸುತ್ತುತ್ತ ನಿಂತಿದ್ದೆ. ಮೂಟೆಯ ತಳದ ಪುಡಿಯ ಮೇಲೆ ಆಗಲೇ ಅನುಮಾನ ಬಂದಿತ್ತು, ಹೇಳಲಿಲ್ಲ. ಮರುವಾರದಿಂದ ಫಿಲ್ಮುಗಳೆಲ್ಲ ಬೆಂಗಳೂರಿನ ಲ್ಯಾಬಿಗೆ ಹೋದವು. ಜಯಕ್ಕ ಮತ್ತೆ ಆವತಿಗೆ ಹೋದವರು ಅಲ್ಲೇ ಉಳಿದರು.

ಕಳೆದ ತಿಂಗಳು ಆ ಒಂಬತ್ತು ಡಬ್ಬಿ ಎದುರಿಗಿಟ್ಟುಕೊಂಡು, ನಾನು ಕಲಸಿದ ಡೆವಲಪರಿನಲ್ಲಿ ಬಿಳಿ ಪುಡಿ ತೇಲುವುದನ್ನು ಕಂಡು, ಜಯಕ್ಕನ ನಂಬರು ಹುಡುಕಿ ಫೋನ್ ಮಾಡಿದೆ. ಮಾಡುವಾಗ ಇದ್ದದ್ದು ಪುಡಿಯ ಸಂಗತಿ ಕೇಳುವ ಯೋಚನೆ ಮಾತ್ರ. ಅವರ ದನಿ ಕೇಳಿದ್ದೇ ತಡ, ಮೂಟೆ, ಹೆಂಟೆ, ಗುಂಡುಕಲ್ಲು ಎಲ್ಲ ಹೊರಗೆ ಬಂದುಬಿಟ್ಟವು.

ಆ ಕಡೆ ಟಿವಿ ಆರಿಸಿದ ಸದ್ದಾಯಿತು.

"ಹಂಗಾದ್ರೆ ಮುಚ್ಚಳ ನಾನು ಸರಿಯಾಗೇ ಹಾಕಿದ್ದೆ" ಎಂದರು.

"ಹಾಕಿದ್ರಿ ಅಕ್ಕ."

"ಇಷ್ಟು ವರ್ಷ ಗ್ಯಾಸ್ ಸ್ಟೌವ್ ಆಫ್ ಮಾಡಿದ್ರೂ ಮೂರು ಸಲ ಹೋಗಿ ನೋಡ್ತೀನಿ ಕಣ್ಲಾ ನಾನು. ನಿನ್ ಬಾಯಿಗೇನಾಗಿತ್ತು?"

ಉತ್ತರಕ್ಕೂ ಕಾಯದೆ ಅವರೇ ಮುಂದುವರಿಸಿದರು. "ಈಗ ಯಾವ ನೀರಲ್ಲಿ ಕಲಸಿದ್ದೀಯ?"

"ಬೋರ್‌ವೆಲ್ಲು."

"ಚೆಲ್ಲು. ಗಡಸು ನೀರಿಗೆ ಬಿಳಿ ಪುಡಿ ಬರದೆ ಇನ್ನೇನ್ ಬರುತ್ತೆ. ಕ್ಯಾನ್ ನೀರು ತರ್ಸು, ನಾಳೆ ಮೊದಲನೇ ಬಸ್ಸಿಗೆ ಬರ್ತೀನಿ."

"ಅಕ್ಕ, ಕಣ್ಣು ಚೆನ್ನಾಗಿ ಕಾಣುತ್ತಾ ಈಗ?"

"ಕತ್ತಲೇಲಿ ಮಾಡೋ ಕೆಲ್ಸಕ್ಕೆ ಕಣ್ಣು ಯಾಕ್ಲಾ?"

ಬಂದರು. ತಲೆ ಬೆಳ್ಳಗಾಗಿತ್ತು, ನಡಿಗೆ ಮಾತ್ರ ಹಾಗೇ ಇತ್ತು. ಪುಡಿಗಳ ಪೊಟ್ಟಣಗಳನ್ನು ಒಂದೊಂದಾಗಿ ಹಿಡಿದು ಸೀಲು ಪರೀಕ್ಷಿಸಿದರು. ಕೈ ತಾಳುವಷ್ಟು ಬಿಸಿ ನೀರಿನಲ್ಲಿ ಕಲಸಿ, ಆರಿಸಿ, ಫಿಲ್ಮಿನ ತುದಿಯೊಂದನ್ನು ಅದ್ದಿ ನನ್ನ ಮುಂದೆ ಹಿಡಿದರು. ನಾವಿಬ್ಬರೂ ಗಡಿಯಾರ ನೋಡಲಿಲ್ಲ, ಅದನ್ನೇ ನೋಡಿದೆವು. ಬೂದಿ ಬಣ್ಣವಾಯಿತು, ಇದ್ದಿಲ ಬಣ್ಣವಾಯಿತು, ಕೊನೆಗೆ ಕಾಡಿಗೆಯಂತೆ ಕಪ್ಪಾಯಿತು. ಹಬ್ಬದ ಹೊಸ ಬಟ್ಟೆ ಕಂಡವನಂತೆ ನಾನು ಕುಣಿಯುವುದೊಂದು ಬಾಕಿ. ಇನ್ನೂ ಎರಡು ಚಮಚ ಬೋರಾಕ್ಸ್ ಹಾಕಿದರೆ ಹೇಗೆ ಎಂದು ಸಲಹೆ ಕೊಡಲು ಹೋದೆ.

"ನೀನು ಆಚೆ ಹೋಗಪ್ಪಾ" ಎಂದು ಬಚ್ಚಲಿನ ಚಿಲಕ ಹಾಕಿಕೊಂಡರು.

ಮಧ್ಯಾಹ್ನ ಹುಡುಗಿ ಬಂದಳು. ಅವಳ ಫಿಲ್ಮು ಆಗಲೇ ಒಣಗಿತ್ತು. ಟ್ಯೂಬ್‌ಲೈಟಿನ ಮುಂದೆ ಹಿಡಿದು ಒಂದೊಂದೇ ಚಿತ್ರ ಎಣಿಸಿದಳು, ಮೂವತ್ತಾರೂ ಇದ್ದವು. "ಸೂಪರ್ ಅಂಕಲ್, ಯಾರು ತೊಳ್ದಿದ್ದು, ನೀವಾ?"

"ಜಯಕ್ಕ ಅಂತ" ಎಂದೆ. "ಒಳಗಿದ್ದಾರೆ. ಮಾತಾಡ್ಸು, ಆದ್ರೆ ಬಾಗಿಲು ಮಾತ್ರ ತೆಗೆಸಬೇಡ. ಎರಡನೇ ಫಿಲ್ಮು ಬಿಚ್ಚಿದ್ದಾರೆ, ಬೆಳಕು ತಾಗಬಾರ್ದು."