ಬಾಟಲಿಯ ತಿಳಿನೀರು

ಉಚ್ಚೆ ಹೊಯ್ಯುವಾಗ ಅದು ಒದರುತ್ತಿತ್ತು. ಹಸಿವಾದರೆ ಶಿಳ್ಳೆ ಹಾಕಿದಂತೆ ಕೂಗುವ ಪ್ರಾಣಿ ಅದು. ಆ ಕೂಗು ನನಗೆ ಗೊತ್ತಿತ್ತು. ಇದು ಬೇರೆ. ಬೆನ್ನು ಗೂನು ಮಾಡಿ, ಹಿಂಗಾಲು ಅಗಲಿಸಿ, ಅಲುಗಾಡದೆ ನಿಂತು ಸಣ್ಣ ದನಿಯಲ್ಲಿ ಒದರುವುದು, ಆಮೇಲೆ ಎರಡು ಹನಿ. ಪಂಜರದೊಳಗೆ ಅಪ್ಪನ ಹಳೆಯ ಬಿಳಿ ಧೋತರ ಹರಿದು ಹಾಸಿದ್ದೆವು. ಮೊದಲ ಹನಿ ಹಳದಿ, ಎರಡನೆಯದು ಕೆಂಪು.

ಆ ಗಿನಿಪಿಗ್ ನಮ್ಮದಲ್ಲ. ನವನಗರದಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದ ಅಧಿಕಾರಿಯೊಬ್ಬರಿಗೆ ವರ್ಗವಾಯಿತು. ಸಾಮಾನು ಲಾರಿಗೆ ಏರಿಸುವ ದಿನ ಅವರ ಹೆಂಡತಿ ಪಂಜರ ತಂದು ನಮ್ಮ ಕಟ್ಟೆಯ ಮೇಲಿಟ್ಟು, ಎರಡು ದಿನ ನೋಡಿಕೊಳ್ಳಿರಿ ಎಂದರು. ಎರಡು ದಿನ ಕಳೆದು ಎರಡು ವರ್ಷವಾಯಿತು. ಫೋನು ಮಾಡಿದರೆ ಎತ್ತುವುದಿಲ್ಲ. ಮಕ್ಕಳು ಆಡಲಿ ಎಂದು ಜೀವವೊಂದನ್ನು ತಂದು, ಬೇಸರವಾದ ಮೇಲೆ ಹಳೆಯ ಕ್ಯಾಲೆಂಡರಿನಂತೆ ಬಿಟ್ಟುಹೋದವರ ಮೇಲೆ ನನಗಿರುವ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಸುವ ಇಚ್ಛೆಯೂ ಇಲ್ಲ.

ಮನೆಯಲ್ಲಿರುವುದು ನಾನು ಮತ್ತು ಅವ್ವ. ನಾನು ಹುನಗುಂದದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಬೆಳಿಗ್ಗೆ ಏಳೂವರೆಗೆ ಬಸ್ಸು ಹಿಡಿದರೆ ಮನೆಗೆ ಬರುವುದು ಸಂಜೆ. ಹಗಲೆಲ್ಲ ಅದನ್ನು ನೋಡಿಕೊಂಡವಳು ಅವ್ವ. ಮೊದಮೊದಲು "ಇಲಿ ಸಾಕಾಕ ನಮಗೇನ ಹುಚ್ಚ ಹಿಡದೈತೇನು?" ಎಂದವಳು, ತಿಂಗಳೊಪ್ಪತ್ತಿನಲ್ಲಿ ತನ್ನ ಮಜ್ಜಿಗೆಗಿಂತ ಮೊದಲು ಅದರ ಕೊತ್ತಂಬರಿ ತೊಳೆಯತೊಡಗಿದಳು.

ಕೆಂಪು ಕಂಡ ದಿನ ಶಾಲೆಗೆ ರಜೆ ಹಾಕಿ ದನದ ದವಾಖಾನೆಗೆ ಒಯ್ದೆ. ಅಲ್ಲಿಯ ಡಾಕ್ಟರು ಪಂಜರದ ಬಾಗಿಲು ತೆಗೆಯಲಿಲ್ಲ. ಇದನ್ನು ಎಷ್ಟು ಸಲ ನೆನಪಿಸಿಕೊಂಡರೂ ಹಾಗೆಯೇ ಬರುತ್ತದೆ: ಅವರ ಎರಡೂ ಕೈ ಮೇಜಿನ ಮೇಲಿದ್ದವು, ಒಂದರಲ್ಲಿ ಚಹಾದ ಕಪ್ಪು.

"ಇದೇನ್ರಿ ಟೀಚರ, ಇಲಿಯೋ ಹಂದಿಯೋ? ಸಾಲಿ ಹುಡುಗರು ಸಾಲಲಿಲ್ಲೇನು ನಿಮಗ?"

ಹೊರಗೆ ಎಮ್ಮೆ ಹಿಡಿದುಕೊಂಡು ನಿಂತವರೂ ನಕ್ಕರು. ಉಚ್ಚೆಯಲ್ಲಿ ರಕ್ತ ಬರುತ್ತಿದೆ ಎಂದೆ. "ಹೆಣ್ಣ ಐತಲ್ಲ? ನಿಶ್ಶಕ್ತಿ ಆಗೇತಿ. ಏನರೆ ಶಕ್ತಿ ಬರೂದು ಕುಡಸ್ರಿ" ಎಂದು ಒಂದು ಔಷಧ ಬರೆದುಕೊಟ್ಟರು. ಐದು ದಿನ ಕುಡಿಸಿದೆ. ಕೆಂಪು ನಿಂತಿತು. ಮೂರನೆಯ ವಾರಕ್ಕೆ ಮತ್ತೆ ಬಂತು. ಅದೇ ಔಷಧವನ್ನು ಮತ್ತೆ ಶುರುಮಾಡಿದೆ.

ಆಗ ನಾನು ಒಂದು ನೋಟ್‌ಬುಕ್ ಇಟ್ಟೆ. ಪ್ರಯೋಗ ಮಾಡಿದರೆ ಬರೆದಿಡಬೇಕು ಎಂದು ಮಕ್ಕಳ ತಲೆ ತಿನ್ನುವವಳು ನಾನು. ಹನಿಯ ಬಣ್ಣ, ಒದರಿದ್ದು ಎಷ್ಟು ಸಲ, ತಿಂದದ್ದು ಏನು, ಹಿಕ್ಕೆ ಎಷ್ಟು. ದಿನಾ ಬೆಳಿಗ್ಗೆ ಒಂದು ಸಾಲು, ಸಂಜೆ ಒಂದು ಸಾಲು. ಅದರಲ್ಲಿ ಹಲವು ಕಡೆ ನನ್ನದೇ ಅಕ್ಷರದಲ್ಲಿ ಹೀಗಿದೆ: "ಬಟ್ಟೆ ಒಣಗಿದ ಮೇಲೆ ಸುಣ್ಣದ ಪುಡಿಯಂತೆ ಬಿಳಿ ಕಲೆ." ಸುಣ್ಣದ ಪುಡಿಯಂತೆ ಎಂದು ನಾನೇ ಬರೆದಿದ್ದೆ. ಬರೆದು, ಪುಸ್ತಕ ಮುಚ್ಚಿ, ಬಸ್ಸು ಹಿಡಿಯಲು ಓಡಿದ್ದೆ.

ನಡುವೆ ಅವ್ವ ಇಳಕಲ್ಲಿಗೆ, ತನ್ನ ತಂಗಿಯ ಬಸುರಿ ಮೊಮ್ಮಗಳ ಕುಬಸಕ್ಕೆ ಹೋಗಿ ಹದಿನೈದು ದಿನ ಉಳಿದಳು. ಆ ದಿನಗಳಲ್ಲಿ ಒಂದೇ ಒಂದು ಕೆಂಪು ಹನಿ ಇಲ್ಲ. ಒದರಿದ್ದು ಎರಡು ಸಲ, ಆಮೇಲೆ ಅದೂ ಇಲ್ಲ. ಔಷಧ ಹಿಡಿಯಿತು ಎಂದು ಬರೆದಿದ್ದೇನೆ. ಅವ್ವ ತಿರುಗಿ ಬಂದ ಒಂಬತ್ತನೆಯ ದಿನ ಧೋತರದ ತುಂಡು ಮತ್ತೆ ಕೆಂಪಾಯಿತು. ಈ ಸಲ ಅದು ಮೇವನ್ನೂ ಬಿಟ್ಟಿತು. ಮೂಲೆಯಲ್ಲಿ ರೋಮ ನಿಮಿರಿಸಿ ಕುಳಿತದ್ದನ್ನು ಎತ್ತಿಕೊಂಡರೆ ತೂಕವೇ ಇರಲಿಲ್ಲ.

ನವನಗರದಲ್ಲಿಯೇ ನಾಯಿ, ಬೆಕ್ಕು ನೋಡುವ ಹೊಸ ದವಾಖಾನೆಯೊಂದು ಶುರುವಾಗಿತ್ತು. ಅಲ್ಲಿಯ ಹರೆಯದ ಡಾಕ್ಟರು ಅದನ್ನು ಕೈಗೆ ತೆಗೆದುಕೊಂಡರು. ಹೊಟ್ಟೆ ಒತ್ತಿ ನೋಡಿದರು. ಎಕ್ಸ್‌ರೇ ತೆಗೆದು ಬೆಳಕಿಗೆ ಹಿಡಿದರು. ಬೂದು ಹೊಟ್ಟೆಯೊಳಗೆ, ಮೂತ್ರದ ದಾರಿಯ ಬಾಯಲ್ಲಿ, ಜೋಳದ ಕಾಳಿನಷ್ಟು ಬೆಳ್ಳಗಿನ ಕಲ್ಲು.

"ತಿನ್ನಾಕ ಏನ ಕೊಡ್ತೀರಿ?"

ನೋಟ್‌ಬುಕ್ ತೆಗೆದು ಓದಿದೆ. ಹುಲ್ಲು, ಕೊತ್ತಂಬರಿ, ಡೊಣ್ಣಮೆಣಸಿನಕಾಯಿ, ಪೇರಲ.

"ನೀರು?"

ನೀರಿನ ಬಗ್ಗೆ ಪುಸ್ತಕದಲ್ಲಿ ಒಂದು ಸಾಲೂ ಇರಲಿಲ್ಲ. ಬಾಟಲಿ ತುಂಬುವವಳು ಅವ್ವ.

ಸಂಜೆ ಮನೆಗೆ ಬಂದು ಕೇಳಿದೆ. ಅವ್ವ ಮುಚ್ಚಿಡಲಿಲ್ಲ. ಎಲೆಅಡಿಕೆ ಡಬ್ಬಿಯಿಂದ ಕಡಲೆಕಾಳಿನಷ್ಟು ಸುಣ್ಣ ತೆಗೆದು ತಂಬಿಗೆ ನೀರಿನಲ್ಲಿ ಕದಡಿ ಇಡುವುದು. ಮರುದಿನ ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿ ಬಾಟಲಿಗೆ ಹಾಕುವುದು. ನಮ್ಮ ಮನೆತನದಲ್ಲಿ ಬಸುರಿಯರಿಗೆ, ಹಲ್ಲು ತಡವಾದ ಕೂಸಿಗೆ, ನಿಶ್ಶಕ್ತಿಯಾದ ಆಕಳಿಗೆ ಕೊಡುತ್ತ ಬಂದದ್ದು ಇದೇ ತಿಳಿನೀರು.

ನಾನು ಕೂಗಾಡಿದೆ. ಓಣಿಗೆ ಕೇಳುವಂತೆ ಕೂಗಾಡಿದೆ. ಬೋರಿನ ನೀರೇ ಪಾತ್ರೆಗೆ ಬಿಳಿ ಹಕ್ಕಳೆ ಕಟ್ಟಿಸುತ್ತದೆ, ಅದರ ಮೇಲೆ ಸುಣ್ಣವೇ, ಆ ಜೀವದ ಹೊಟ್ಟೆಯಲ್ಲಿ ಕಲ್ಲು ಬೆಳೆಸಿದೆ ನೀನು, ಎಂದೆ.

"ನಿನಗ ಹಲ್ಲ ಬಂದದ್ದೂ ಇದರ ಮ್ಯಾಲೇ" ಎಂದಳು ಅವ್ವ. "ಇಲ್ಲಂದ್ರ ಬೊಚ್ಚ ಬಾಯಿಲೆ ವಿಜ್ಞಾನ ಹೇಳ್ತಿದ್ದಿ." ಆಮೇಲೆ ತಗ್ಗಿದ ದನಿಯಲ್ಲಿ, "ನಿನ್ನ ಕೇಳೇ ಹಾಕೇನಿ" ಎಂದಳು.

"ನನ್ನ ಯಾವಾಗ ಕೇಳಿದ್ದಿ?"

ಅವಳು ಎಲೆಅಡಿಕೆ ಡಬ್ಬಿ ಮುಚ್ಚಿ ಒಳಗೊಯ್ದಳು.

ಎರಡು ದಿನದ ಮೇಲೆ ಕಲ್ಲು ತೆಗೆಯಲು ಹೋದೆವು. ಮತ್ತಿನ ಇಂಜೆಕ್ಷನ್ ಕೊಟ್ಟು, ಕೊಯ್ಯದೆ, ಚಿಮಟದಿಂದ ಎಳೆಯುತ್ತೇನೆ, ಇಷ್ಟು ಸಣ್ಣ ಜೀವ ಮತ್ತಿನಿಂದ ಏಳದೆಯೂ ಹೋಗಬಹುದು ಎಂದರು ಡಾಕ್ಟರು. ಅವ್ವ ಪಂಜರದ ಮೇಲೆ ಕೈಯಿಟ್ಟು ಕುಳಿತಿದ್ದಳು. ಡಾಕ್ಟರು ನೀರಿನ ಮಾತು ಮತ್ತೆ ಎತ್ತಿದರು. ನಾನು, "ಸುಣ್ಣದ ತಿಳಿನೀರು ಹಾಕಿದ್ದಾರ್ರಿ. ಅವ್ವಗ ತಿಳೀಲಿಲ್ಲ" ಎಂದೆ.

ಅವರು ಅವ್ವನ ಕಡೆ ತಿರುಗಿದರು. "ಏನ್ ಅಜ್ಜಿ, ಮನ್ಯಾಗ ವಿಜ್ಞಾನದ ಟೀಚರನ್ನ ಇಟ್ಕೊಂಡು ಹಿಂಗ ಮಾಡ್ತಾರೇನು? ಒಂದ ಮಾತ ಮಗಳನ್ನ ಕೇಳಬಾರದಾ?"

ಅವ್ವ ನನ್ನನ್ನು ನೋಡಿದಳು. ನಾನು ಗೋಡೆಯ ಮೇಲಿನ ನಾಯಿಯ ಚಿತ್ರ ನೋಡಿದೆ.

ಅವಳು ಕೇಳಿದ್ದಳು. ದನದ ದವಾಖಾನೆಯಿಂದ ಬಂದ ಮರುದಿನ ಬೆಳಿಗ್ಗೆ, ನಾನು ಕನ್ನಡಿಯ ಮುಂದೆ ಹಣಿಗೆಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಜಡೆ ಹೆಣೆಯುತ್ತಿದ್ದಾಗ, ಅಡುಗೆಮನೆಯ ಬಾಗಿಲಲ್ಲಿ ನಿಂತು, "ಶಕ್ತಿಗೆ ತಿಳಿನೀರ ಹಾಕಲೇನು?" ಎಂದಿದ್ದಳು. ನಾನು ಹಣಿಗೆ ತೆಗೆದು "ಹಾಕವಾ" ಎಂದಿದ್ದೆ. ಬಸ್ಸಿಗೆ ಹೊತ್ತಾಗಿತ್ತು. ಇದು ನನಗೆ ನೆನಪಾದದ್ದು ಕೂಗಾಡಿದ ಮರುದಿನ, ಶಾಲೆಯ ಬಸ್ಸಿನಲ್ಲಿ ಕಮತಗಿ ದಾಟುವಾಗ. ಅಂದರೆ ಡಾಕ್ಟರ ಮುಂದೆ ಕುಳಿತಾಗ ನನಗೆ ಗೊತ್ತಿತ್ತು. ಮರೆತಿದ್ದೆ ಎಂದು ಹೇಳಿಕೊಳ್ಳುವ ದಾರಿಯೂ ನನಗಿಲ್ಲ.

ಕಲ್ಲು ಬಂತು. ಗಿನಿಪಿಗ್ ಮತ್ತಿನಿಂದ ಎದ್ದಿತು, ನಡುಗುತ್ತ. ಕಲ್ಲನ್ನು ಕಾಗದದಲ್ಲಿ ಕಟ್ಟಿಕೊಟ್ಟರು. ಮನೆಯಲ್ಲಿ ಅದರಿಂದ ಒಂದು ಚೂರು ಒಡೆದು ಲಿಂಬೆರಸ ಹಾಕಿದೆ, ಮಕ್ಕಳಿಗೆ ತೋರಿಸುವಂತೆ. ನೊರೆ ಎದ್ದಿತು. ನೋಡುವವರು ಯಾರೂ ಇರಲಿಲ್ಲ.

ಪಂಜರ ಬಿಟ್ಟುಹೋದವರ ಮೇಲೆ, ಚಹಾದ ಕಪ್ಪು ಕೆಳಗಿಡದ ಡಾಕ್ಟರ ಮೇಲೆ ಸಿಟ್ಟಾಗುವುದು ಸುಲಭವಿತ್ತು. ಅವರು ತಪ್ಪು ಮಾಡಿದ್ದು ನಿಜವೂ ಹೌದು. ಆದರೆ ಅವರ ಮೇಲಿನ ಸಿಟ್ಟನ್ನು ಒಯ್ದು ನಾನು ಸುರಿದದ್ದು, ಆ ಜೀವಕ್ಕಾಗಿ ದಿನಾ ಕೊತ್ತಂಬರಿ ತೊಳೆದವಳ ತಲೆಯ ಮೇಲೆ. 

ತಿಂಗಳ ಮೇಲೆ ಮತ್ತೆ ತೋರಿಸಲು ಹೋಗಬೇಕಿತ್ತು. ಅವ್ವ ಬರುವುದಿಲ್ಲ ಎಂದಳು. ಅದನ್ನು ಹಿಡಿದುಕೊಳ್ಳಲು ಇನ್ನೊಬ್ಬರು ಬೇಕು ಎಂದ ಮೇಲೆ ಬಂದಳು. ಡಾಕ್ಟರು ಪಂಜರ ತೆಗೆಯುವ ಮೊದಲೇ ನಾನು ಹೇಳಿದೆ. "ಸರ್, ತಿಳಿನೀರು ಹಾಕು ಅಂದಾಕಿ ನಾನು. ಅವ್ವ ಕೇಳಿದ್ದಳು. ಅವತ್ತ ನಾ ಖರೆ ಹೇಳಲಿಲ್ಲ."

ಡಾಕ್ಟರು, "ಹೋಗಲಿ ಬಿಡ್ರಿ ಟೀಚರ" ಎಂದರು, ಮುಜುಗರದಿಂದ.

ಅವ್ವ ನನ್ನ ಕಡೆ ನೋಡಲಿಲ್ಲ. "ಮೊದಲ ಅದರ ಫೋಟೋ ತಗೀರಿ" ಎಂದಳು.

ಫೋಟೋದಲ್ಲಿ ಕಲ್ಲು ಇರಲಿಲ್ಲ. ಮೂತ್ರಚೀಲದ ತಳದಲ್ಲಿ ಮರಳಿನಂಥ ಒಂದು ತೆಳು ಗೆರೆ ಇತ್ತು. ಇದು ತಿರುಗಿ ತಿರುಗಿ ಬರುವ ರೋಗ, ಕಣ್ಣಿಟ್ಟಿರಿ ಎಂದರು. ಈಗಲೂ ದಿನಾ ಬೆಳಿಗ್ಗೆ ಧೋತರದ ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತೇನೆ. ಫಿಲ್ಟರಿನ ನೀರನ್ನು ಬಾಟಲಿಗೆ ನಾನೇ ತುಂಬುತ್ತೇನೆ; ಪುಸ್ತಕದಲ್ಲಿ ನೀರಿಗೂ ಒಂದು ಸಾಲಿದೆ. ಅವ್ವ ಹುಲ್ಲು ಹಾಕುತ್ತಾಳೆ, ಕೊತ್ತಂಬರಿ ತೊಳೆಯುತ್ತಾಳೆ, ಅದರ ಕಿವಿಯ ಹಿಂದೆ ಕೆರೆಯುತ್ತಾಳೆ. ಬಾಟಲಿ ಖಾಲಿಯಾದರೆ ಮಾತ್ರ ಮುಟ್ಟುವುದಿಲ್ಲ. ಒಳಗಿನಿಂದ ನನ್ನನ್ನು ಕರೆಯುತ್ತಾಳೆ.