ಬಳೆ ಸದ್ದಿಗೆ ಬೆದರಿದ ಚಾಂದನಿ

ಸೀರೆ ಉಟ್ಟ ಪೊಲೀಸನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಇದೇ ಶಿರಸಿಯಲ್ಲಿ, ನಮ್ಮ ಹಿತ್ತಲ ಬೇಲಿಯಾಚೆಯ ಪೊಲೀಸ್ ಮೈದಾನದಲ್ಲಿ.

ಇಳಕಲ್ ಸೀರೆ. ಹೆಂಡತಿಯದೇ ಇರಬೇಕು. ತಲೆಯ ಮೇಲೆ ಸೆರಗು, ಸೆರಗಿನ ಕೆಳಗೆ ಹುರಿ ಮಾಡಿದ ಮೀಸೆ! ಎದುರಿಗೆ ಒಂದು ಬಿಳಿ ಕುದುರೆ. ಅದು ಆತನನ್ನು ಮೇಲಿಂದ ಕೆಳಗೆ ನೋಡಿ, ಮೂಗಿನಿಂದ ಫುರ್ರ್ ಎಂದು ಉಸಿರು ಬಿಟ್ಟು, ಹುಲ್ಲು ಮೇಯತೊಡಗಿತು. ಒಣಗಿಸಲು ತಂದಿದ್ದ ಬಟ್ಟೆಯನ್ನೇ ಬಾಯಿಗೆ ಒತ್ತಿಕೊಂಡು ನಕ್ಕೆ.

(ರಾಜಕೀಯ ಬರೆಯಬೇಡಿ ಎಂದು ಸಂಪಾದಕರ ತಾಕೀತು. ಗಾಬರಿ ಬೇಡ ಸಂಪಾದಕರೇ, ಈ ವಾರ ಬರೀ ಕುದುರೆ ವಿಷಯ.)

"ನಗಬ್ಯಾಡ್ರಿ ಬಾಯಾರ, ನಮ್ಮ ಕಷ್ಟ ನಮಗ" ಎನ್ನುತ್ತ ಆ ಸೀರೆಯ ಸವಾರ ಹುಸೇನಣ್ಣ ಬೇಲಿಯ ಹತ್ತಿರ ಬಂದ. ಧಾರವಾಡದ ಕಡೆಯವನು. ಬಂದೋಬಸ್ತಿಗೆಂದು ಮೂರು ಕುದುರೆಗಳ ಜೊತೆ ನಮ್ಮೂರಿಗೆ ಬಂದಿದ್ದ. ಅದರಲ್ಲಿ ಎರಡು ವೇಲರ್ ಜಾತಿಯವು. ಆಸ್ಟ್ರೇಲಿಯಾದಿಂದ ಹಡಗಿನಲ್ಲಿ ಬಂದವಂತೆ. ನಮ್ಮ ಸಂತೆಯ ತಟ್ಟು ಕುದುರೆ ಅವುಗಳ ಹೊಟ್ಟೆಯ ಕೆಳಗೇ ನುಸುಳಬಹುದು, ಅಷ್ಟು ಎತ್ತರ. ನಿಲ್ಲು ಎಂದರೆ ಗೋಡೆ, ನಡೆ ಎಂದರೆ ಗಾಡಿ.

ಮೂರನೆಯವಳು ಈ ಬಿಳಿ ಚಾಂದನಿ. ಗುಜರಾತಿನ ಕಡೆಯ ಕಾಠೇವಾಡಿ ಹೆಣ್ಣು. ಕಿವಿ ನೋಡಿಯೇ ಜಾತಿ ಹೇಳಬಹುದು. ಎರಡೂ ಕಿವಿಯ ತುದಿ ಒಳಕ್ಕೆ ಬಾಗಿ ಒಂದಕ್ಕೊಂದು ತಾಗುತ್ತವೆ, ಪುಟ್ಟ ಕೈಗಳು ಯಾರಿಗೋ ನಮಸ್ಕಾರ ಮಾಡಿದ ಹಾಗೆ. ಬಲು ಚುರುಕು. ಎಲ್ಲವೂ ಕಣ್ಣಿಗೆ ಬೀಳುತ್ತದೆ, ಆದ್ದರಿಂದ ಎಲ್ಲದಕ್ಕೂ ಹೆದರಿಕೆ!

ಆ ಹೆದರಿಕೆ ಬಿಡಿಸುವುದೇ ಪೊಲೀಸ್ ಕುದುರೆಯ ಶಾಲೆ. ಡಬ್ಬಿಯಲ್ಲಿ ಕಲ್ಲು ಹಾಕಿ ಕುಲುಕುತ್ತಾರೆ. ಮುಖದೆದುರು ಛತ್ರಿ ಬಿಚ್ಚುತ್ತಾರೆ. ಹುಲ್ಲಿಗೆ ಬೆಂಕಿ ಹಚ್ಚಿ ಪಕ್ಕದಲ್ಲೇ ನಡೆಸುತ್ತಾರೆ. ಕೊನೆಗೆ ಬಂದೂಕು. ಜನರ ನಡುವೆ ಅಡ್ಡಡ್ಡ ಹೆಜ್ಜೆ ಇಟ್ಟು ಭುಜದಿಂದ ಮೆಲ್ಲಗೆ ಒತ್ತುವುದನ್ನು ಕಲಿಸುತ್ತಾರೆ. ಒದೆಯಕೂಡದು, ಯಾರನ್ನೂ ತುಳಿಯಕೂಡದು.

"ಎಲ್ಲಾ ಕಲತೈತ್ರಿ. ಗುಂಡಿಗೆ ಹೆದರೂದಿಲ್ಲ. ಬಳೀ ಸಪ್ಪಳ ಕೇಳಿದ್ರ ಎರಡು ಕಾಲ ಮ್ಯಾಲ ಎದ್ದು ನಿಲ್ಲತೈತಿ! ಹೆಣ್ಮಕ್ಕಳ ರೂಢಿ ಆಗ್ಲಿ ಅಂತ ಸೀರಿ ಉಟ್ರ ನನ್ನ ನಂಬವಲ್ದು. ನಿಮ್ಮಂಥಾ ನಾಲ್ಕು ಮಂದಿ ಬಂದು ನಿಂತ್ರ ಪುಣ್ಯಾ ಬರತೈತಿ ಬಾಯಾರ."

ಪಕ್ಕದ ಮನೆಯ ಖಾದಿಯ ಭಾಗೀರಥಕ್ಕ ಊರ ಹೆಂಗಸರನ್ನು ಕರೆದುಕೊಂಡು ಸಾರಾಯಿ ಅಂಗಡಿ ಮುಚ್ಚಿಸಲು ಅದರ ಎದುರು ಕೂರುವವಳಿದ್ದಳು. ಘಟ್ಟದ ಕೆಳಗಿನ ಒಂದೂರಲ್ಲಿ ಹೀಗೆಯೇ ಕೂತವಳೊಬ್ಬಳ ಕಾಲನ್ನು ಬೆದರಿದ ಕುದುರೆ ಮುರಿದ ಸುದ್ದಿ ಆಗಷ್ಟೇ ಬಂದಿತ್ತು.

ಭಾಗೀರಥಕ್ಕನಿಗೆ ಹುಸೇನಣ್ಣನ ಮಾತು ಹೇಳಿದೆ. ಉರಿದು ಬಿದ್ದಳು.

"ಮಳ್ಳಾ ತಂಗೀ ನಿಂಗೆ? ನಂಗಳ ಮೇಲೆ ಬಪ್ಪ ಕುದುರೆಗೆ ನಂಗವೇ ಪಾಠ ಹೇಳದಾ?"

"ಅಕ್ಕಾ, ಕಲಿತ ಕುದುರೆ ತುಳಿಯೂದಿಲ್ಲ. ಹೆದರಿದ ಕುದುರೆ ತುಳೀತದೆ. ನಿಮ್ಮ ಎದುರಿಗೆ ಯಾವುದು ಬರಬೇಕು, ನೀವೇ ಹೇಳಿ."

ಮರುದಿನ ಬೆಳಿಗ್ಗೆ ಭಾಗೀರಥಕ್ಕ ಕೈತುಂಬ ಬಳೆ ತೊಟ್ಟು, ಮೂವರು ಹೆಂಗಸರನ್ನು ಹಿಂದಿಟ್ಟುಕೊಂಡು ಮೈದಾನಕ್ಕೆ ಬಂದಳು. ಕೈಯಲ್ಲಿ ಒಂದು ತಂಬಿಗೆ ನೀರು, ತಟ್ಟೆಯಲ್ಲಿ ಬೆಲ್ಲ!

ನಮ್ಮೂರಲ್ಲಿ ಹತ್ತಿರ ಬಂದವರಿಗೆ ಬೆಲ್ಲ-ನೀರು ಕೊಡದೆ ಮಾತು ಶುರುವಾಗುವುದುಂಟೇ? ಬಂದದ್ದು ಕುದುರೆಯಾದರೇನು?

"ಅವ್ವಾರ, ಕೊಡಬ್ಯಾಡ್ರಿ! ತಿನಿಸು ಏನಿದ್ರೂ ಕೆಲಸ ಮುಗದ ಮ್ಯಾಲ, ಲಾಯದಾಗ!" ಹುಸೇನಣ್ಣ ಕೂಗಿದ.

"ಸುಮ್ನಿರು ಮಾರಾಯಾ. ನೀನೂ ಒಂದು ಚೂರು ಬಾಯಿಗೆ ಹಾಕ್ಯ."

ಹಾಕಿಕೊಂಡ. ಬಾಯಿಯಲ್ಲಿ ಬೆಲ್ಲ ಇಟ್ಟುಕೊಂಡು ಯಾರು ತಾನೇ ಬೈಯುತ್ತಾರೆ?

ಅಂಗೈ ಚಪ್ಪಟೆ ಹಿಡಿದರೆ ಕುದುರೆ ಬೆರಳು ಕಚ್ಚುವುದಿಲ್ಲ ಎಂದು ನಾನು ತೋರಿಸಿಕೊಟ್ಟೆ. (ಕಾನ್ವೆಂಟಿನ ಟಾಂಗಾ ಕುದುರೆಗೆ ಬಾಳೆಹಣ್ಣು ತಿನ್ನಿಸಿ ಕಲಿತ ವಿದ್ಯೆ.) ಮೊದಲ ದಿನ ಚಾಂದನಿ ಮಾರು ದೂರದಲ್ಲೇ ನಡುಗಿದಳು. ಆಮೇಲೆ ಕತ್ತು ಚಾಚಿದಳು. ವಾರ ಕಳೆಯುವಷ್ಟರಲ್ಲಿ ಬಳೆ ಸದ್ದು ಕೇಳಿದರೆ ಕಿವಿಯ ತುದಿ ಜೋಡಿಸಿಕೊಂಡು ತಾನೇ ಬರುತ್ತಿದ್ದಳು. ಠಾಣೆಯ ಫೌಜದಾರರು ನೋಡಿ "ಶಾಬಾಸ್" ಎಂದರು. ಇದರಲ್ಲಿ ತಪ್ಪೇನಾದರೂ ಇದೆಯೇ ಎಂದು ವಕೀಲರಾದ ನಮ್ಮ ಯಜಮಾನರನ್ನು ಕೇಳಿದೆ. "ಕುದುರೆಗೆ ಬೆಲ್ಲ ಕೊಡಬಾರದೆಂಬ ಕಾಯಿದೆ ಇನ್ನೂ ಬಂದಿಲ್ಲ" ಎಂದರು.

ಕೊನೆಗೆ ಆ ದಿನ ಬಂತು. ವೇಲರ್‌ಗಳೆರಡೂ ಸಿದ್ದಾಪುರದ ಬಂದೋಬಸ್ತಿಗೆ ಹೋಗಿದ್ದವು. ಇದ್ದವಳು ಚಾಂದನಿ ಒಬ್ಬಳೇ. ಅಂಗಡಿಯ ಎದುರು ನೆಲದ ಮೇಲೆ ಹೆಂಗಸರ ಸಾಲು, ನಡುವೆ ಭಾಗೀರಥಕ್ಕ. ರಸ್ತೆಯಾಚೆ ಜನವೋ ಜನ. ನಾನು ಕಂಬ ಹಿಡಿದು ನಿಂತಿದ್ದೆ. ಕಲಿತದ್ದು ಈ ಗದ್ದಲದಲ್ಲಿ ನೆನಪಿರುತ್ತದೆಯೇ? ಇರದಿದ್ದರೆ?

"ಚದುರಿಸು!" ಫೌಜದಾರರ ಹುಕುಂ.

ಚಾಂದನಿ ಹೊರಟಳು. ಹೆಂಗಸರಲ್ಲಿ ಒಬ್ಬಳು ಕಣ್ಣು ಮುಚ್ಚಿದಳು, ಅವಳ ಬಳೆ ಝಣ್ ಎಂದವು. ಕುದುರೆ ಗಕ್ಕನೆ ನಿಂತಿತು. ಕಿವಿ ಎರಡೂ ಮುಂದಕ್ಕೆ ಬಂದವು. ಒಂದೊಂದೇ ಗೊರಸು ನೋಡಿ ನೋಡಿ ಊರುತ್ತ ಬಂದು, ಕತ್ತು ಬಗ್ಗಿಸಿ, ಭಾಗೀರಥಕ್ಕನ ಸೆರಗಿನಲ್ಲಿ ಬೆಲ್ಲ ಹುಡುಕತೊಡಗಿತು!

ಇಡೀ ಪೇಟೆ ನಕ್ಕಿತು.

"ಮುಂದಕ್ಕ ಹೋಗೋ!" ಫೌಜದಾರರು ಕಿರುಚಿದರು.

ಹುಸೇನಣ್ಣ ಜೀನಿನ ಮೇಲೆ ನೆಟ್ಟಗೆ ಕೂತೇ ಹೇಳಿದ: "ಜಾಗಾ ಇಲ್ರಿ ಸಾಹೇಬ್ರ. ಇನ್ನೊಂದು ಹೆಜ್ಜಿ ಇಟ್ರ ತುಳೀಬೇಕು. ತುಳಿಯೂದು ಇದಕ್ಕ ಕಲಿಸಿಲ್ರಿ."

ಇನ್ನು ಗಿರಾಕಿಗಳು ಬರಲಾರರೆಂದು ಅಂಗಡಿಯವನು ಹಲಗೆಗಳನ್ನು ಒಂದೊಂದಾಗಿ ಜೋಡಿಸಿ ಬಾಗಿಲು ಹಾಕಿದ. ಹೆಂಗಸರು ಎದ್ದು ಸಾಲಾಗಿ ಹೊರಟರು. ಲಗಾಮು ಎಷ್ಟು ಎಳೆದರೂ ಚಾಂದನಿ ಅವರನ್ನು ಬಿಡಲೊಲ್ಲಳು, ಸಾಲಿನ ಮುಂದೆ ಸೇರಿಕೊಂಡಳು. (ಹುಸೇನಣ್ಣ ಎಷ್ಟು ಎಳೆದನೋ, ನಾನು ಕಂಡಿಲ್ಲ.) ಮುಂದೆ ಸರ್ಕಾರದ ಬಿಳಿ ಕುದುರೆ, ಹಿಂದೆ ಭಾಗೀರಥಕ್ಕನ ಮೆರವಣಿಗೆ! ಇಕ್ಕೆಲದಲ್ಲೂ ಜೈಕಾರ. ಯಾರಿಗೆ ಜೈ ಎಂದರೆಂದು ಬರೆಯುವಂತಿಲ್ಲ. ಒಬ್ಬರ ಕಾಲ ಬೆರಳೂ ನೋಯಲಿಲ್ಲ ಎಂದು ಮಾತ್ರ ಧಾರಾಳವಾಗಿ ಬರೆಯಬಹುದು.

ಹುಸೇನಣ್ಣನಿಗೆ ಶಿಕ್ಷೆಯಾಯಿತೇ? ಹೇಳಿಕೊಟ್ಟ ಪಾಠವನ್ನು ಚಾಚೂ ತಪ್ಪದೆ ಕಲಿಸಿದವನ ಮೇಲೆ ಯಾವ ತಪ್ಪು ಹೊರಿಸುತ್ತಾರೆ? ಚಾಂದನಿಗೆ ಇದನ್ನೆಲ್ಲ ಮರೆಸಬೇಕೆಂದು ಮಾತ್ರ ಹುಕುಂ ಆಗಿದೆಯಂತೆ.

ಕುದುರೆಗೆ ಕಲಿಸುವ ಶಾಲೆಗಳು ಬೇಕಾದಷ್ಟಿವೆ. ಮರೆಸುವ ಶಾಲೆ ಎಲ್ಲಾದರೂ ಇದ್ದರೆ, ಫೌಜದಾರರಿಗೆ ಯಾರಾದರೂ ತಿಳಿಸುವಿರಾ?