ಕೆರೆ ಕಾಣಲೆಂದು ಹೋದ ಬೇವು

ಮಂಜಲ್‌ಪುರದ ನಮ್ಮ ಸೊಸೈಟಿಯ ಹಿಂದೆ ಈಗ ಒಂದು ಚೆಂದದ ಪಾರ್ಕ್ ಇದೆ. ಕೆರೆಯ ಸುತ್ತ ಕಲ್ಲು ಹಾಸಿದ ದಾರಿ, ಬೆಂಚುಗಳು, ಸಂಜೆಯಾದರೆ ಬಣ್ಣ ಬದಲಿಸುವ ದೀಪಗಳು. ಊರಿಂದ ಬಂದ ನೆಂಟರನ್ನು ನಮ್ಮವರು ಮೊದಲು ಅಲ್ಲಿಗೇ ಕರೆದೊಯ್ಯುತ್ತಾರೆ. ನಾನು ಮಂಡಿನೋವು ಎಂದು ಮನೆಯಲ್ಲೇ ಉಳಿಯುತ್ತೇನೆ. ಮಂಡಿಗೆ ಏನೂ ಆಗಿಲ್ಲ. ಹೊಟ್ಟೆಯುರಿ ಇನ್ನೂ ಆರಿಲ್ಲ, ಅಷ್ಟೇ.

ಇವರ ಕೆಲಸಕ್ಕೆಂದು ಧಾರವಾಡದಿಂದ ವಡೋದರಾದ ಈ ಬಡಾವಣೆಗೆ ಬಂದಾಗ ಅಲ್ಲಿ ಕೆರೆಯಿದೆ ಎಂದೇ ಗೊತ್ತಾಗುತ್ತಿರಲಿಲ್ಲ. ಕೆಡವಿದ ಮನೆಗಳ ಮಣ್ಣು, ಹರಿದ ಹಾಸಿಗೆ, ಪ್ಲಾಸ್ಟಿಕ್ಕು, ಎಲ್ಲದರ ಮೇಲೆ ಬಳ್ಳಾರಿ ಜಾಲಿ. ನೀರಲ್ಲಿ ಮೊಸಳೆ ಇದೆ ಎಂದು ಮಗಳನ್ನು ಹೆದರಿಸುತ್ತಿದ್ದೆ. ಮಳೆಗಾಲದಲ್ಲಿ ನದಿಯ ಮೊಸಳೆಗಳು ಬೀದಿಗೇ ಬರುವ ಈ ಊರಲ್ಲಿ ಆ ಮಾತನ್ನು ಯಾರೂ ತಮಾಷೆ ಅಂದುಕೊಳ್ಳುವುದಿಲ್ಲ. ಆ ಕೊಂಪೆಯ ನಡುವೆ, ಪಕ್ಕದ ಬ್ಲಾಕಿನ ಬಾಲ್ಕನಿಗಳಿಗೆ ತಾಗಿಕೊಂಡು, ಒಂದು ದೊಡ್ಡ ಬೇವಿನ ಮರವಿತ್ತು.

ಮೊದಲ ಯುಗಾದಿಯ ಬೆಳಿಗ್ಗೆ, ಬೇವು–ಬೆಲ್ಲಕ್ಕೆ ಹೂವು ಬೇಕಲ್ಲ ಎಂದು ಬಿದಿರಿನ ತುದಿಗೆ ಕೊಕ್ಕೆ ಕಟ್ಟಿ ಒಂದು ದೋಟಿ ಮಾಡಿಕೊಂಡು, ಸೆರಗು ಸಿಕ್ಕಿಸಿ, ಮುಳ್ಳು ದಾಟಿ ಹೋದೆ. ಮರದ ಕೆಳಗೆ ಆಗಲೇ ಒಬ್ಬ ಗುಜರಾತಿ ಹೆಂಗಸು ಸ್ಟೀಲ್ ಡಬ್ಬಿ ಹಿಡಿದು ಆಸೆಯಿಂದ ಮೇಲೆ ನೋಡುತ್ತ ನಿಂತಿದ್ದಳು. ಪಕ್ಕದ ಬ್ಲಾಕಿನ ಎರಡನೇ ಮಹಡಿಯವಳು, ನನ್ನದೇ ವಯಸ್ಸು. ಅವರಿಗೂ ಅಂದೇ ಚೈತ್ರ ಶುರು. ಬೇವಿನ ಹೂವಿಗೆ ಅವರು ‘ಮೋರ್’ ಅನ್ನುತ್ತಾರೆ. ಚೈತ್ರದಲ್ಲಿ ಅದರ ರಸವನ್ನು ಬರೀ ಹೊಟ್ಟೆಯಲ್ಲಿ ಕುಡಿದರೆ ವರ್ಷವಿಡೀ ಜ್ವರ ಹತ್ತಿರ ಸುಳಿಯುವುದಿಲ್ಲವಂತೆ. ಅವಳು ಕುಳ್ಳಿ. ನಾನು ಕೊಂಬೆ ಬಾಗಿಸಿದೆ, ಅವಳು ಹೂವು ಬಿಡಿಸಿದಳು. ಅಂದಿನಿಂದ ನಾವಿಬ್ಬರೂ ಒಬ್ಬರಿಗೊಬ್ಬರು ‘ಬೆನ್’, ಅಂದರೆ ಅಕ್ಕತಂಗಿ.

ಆಮೇಲೆ ಪ್ರತಿ ಯುಗಾದಿಗೂ ಅವಳು ಡಬ್ಬಿ ಹಿಡಿದು ನಮ್ಮ ಬಾಗಿಲಿಗೆ ಬರುವುದು, ನಾನು ದೋಟಿ ಹಿಡಿದು ಇಳಿಯುವುದು ಪದ್ಧತಿಯೇ ಆಯಿತು. ಹೋಳಿಗೆ ಎಲ್ಲಿ ಬೇಕಾದರೂ ಬೇಯುತ್ತದೆ. ಆದರೆ ಆ ಮರದ ಕೆಳಗೆ ಹೂವಿನ ವಾಸನೆಯಲ್ಲಿ ನಿಂತಾಗಲೇ ನನಗೆ ಹಬ್ಬ ಬಂತು ಅನ್ನಿಸುತ್ತಿತ್ತು. ಕಸ ತೆಗೆಯಬೇಕೆಂದು ಹಟ ಹಿಡಿದವರೂ ನಾವಿಬ್ಬರೇ. ಭಾನುವಾರಗಳಂದು ಮರದ ಬುಡವನ್ನು ಹಸನು ಮಾಡತೊಡಗಿದೆವು. ಗಂಡಸರು ಮೊದಮೊದಲು ಬಾಲ್ಕನಿಯಲ್ಲಿ ನಿಂತು ನಕ್ಕರು, ಆಮೇಲೆ ಸಲಿಕೆ ಹಿಡಿದು ತಾವೂ ಇಳಿದರು. ಕೆರೆಯ ನೀರು ಕಂಡಿತು. ಪಾರ್ಕ್ ಮಾಡಿಕೊಡಿ ಎಂದು ಕಂಡಕಂಡವರ ಬಾಗಿಲಿಗೆ ಇಬ್ಬರೂ ಅಲೆದೆವು.

ಕೊನೆಗೊಂದು ದಿನ ಎಂಜಿನಿಯರ್ ಬಂದು ಸ್ಕೂಟರಿನ ಸೀಟಿನ ಮೇಲೆ ನಕ್ಷೆ ಹರವಿದ. ನಾನು ಮೊದಲು ಹುಡುಕಿದ್ದು ಬೇವನ್ನು. ಇರಲಿಲ್ಲ. ‘ಮರದ ವಿಷಯ ಸೊಸೈಟಿಯವರು ಹೇಳಿದ ಹಾಗೆ’ ಅಂದ. ನನ್ನ ಮುಖ ನೋಡಿ ಬೆನ್ ಕೈ ಹಿಡಿದುಕೊಂಡಳು. “ಲೀಮ್ಡೋ ತೋ ರಹೇಗಾ ಹೀ, ಬೆನ್. ಮೇರಾ ಚೈತ್ರ್ ಕೈಸೇ ಹೋಗಾ?” ಬೇವು ಇದ್ದೇ ಇರುತ್ತದೆ, ಇಲ್ಲದಿದ್ದರೆ ನನ್ನ ಚೈತ್ರ ನಡೆಯುವುದು ಹೇಗೆ ಅಂತ. ಸೊಸೈಟಿಯ ಕಮಿಟಿಯಲ್ಲಿ ಅವಳಿದ್ದಳು. ನಾನು ನಂಬಿದೆ, ಮಗಳಿಗೆ ರಜೆ ಬಿಟ್ಟ ಕೂಡಲೇ ಇವರನ್ನೂ ಕರೆದುಕೊಂಡು ನಿಶ್ಚಿಂತೆಯಿಂದ ಧಾರವಾಡಕ್ಕೆ ಹೋದೆ.

ಮರಳಿ ಬಂದು ರಿಕ್ಷಾ ಇಳಿದಾಗ ಸೊಸೈಟಿಯ ಹಿಂದಿನ ಆಕಾಶ ಯಾಕೋ ಬಯಲುಬಯಲಾಗಿ ಕಂಡಿತು. ಮರವಿದ್ದಲ್ಲಿ ದುಂಡನೆಯ ಕಟ್ಟೆ, ಅದರೊಳಗೆ ಕುಂಡದಿಂದ ಕಿತ್ತು ನೆಟ್ಟ ಒಂದು ಪಾಮ್ ಗಿಡ. ಸಾಮಾನು ಇವರಿಗೆ ಬಿಟ್ಟು ನೇರ ಅವಳ ಮಹಡಿಗೆ ಹತ್ತಿದೆ. ಬಾಗಿಲು ತೆರೆದವಳು ನಾನು ಬಾಯಿ ಬಿಡುವ ಮೊದಲೇ ಖುಷಿಯಿಂದ ಬಾಲ್ಕನಿಗೆ ಎಳೆದೊಯ್ದಳು. ಅಲ್ಲಿ ಹೊಸ ತೂಗುಮಂಚ. “ದೇಖೋ ಬೆನ್, ಅಬ್ ಪೂರಾ ತಳಾವ್ ದಿಖ್ತಾ ಹೈ!”

ಕೆರೆ ಪೂರ್ತಿ ಕಾಣುತ್ತಿತ್ತು, ನಿಜ. ಇಷ್ಟು ವರ್ಷ ಅದಕ್ಕೆ ಅಡ್ಡವಾಗಿದ್ದದ್ದು ಒಂದೇ ಒಂದು ಮರ.

ಎಲೆ ಉದುರಿ ಕಸ, ಬೆಂಚಿನ ಮೇಲೆ ಹಕ್ಕಿಗಳ ಹಿಕ್ಕೆ, ಅದಕ್ಕೇ ಕಮಿಟಿಯಲ್ಲಿ ತಾನೇ ಹೇಳಿ ತೆಗೆಸಿದೆ ಅಂದಳು. ನನಗೊಂದು ಮಾತು ಹೇಳಬೇಕು ಅನ್ನಿಸಲಿಲ್ಲವೇ ಎಂದು ಕೇಳಿದೆ. ಫೋನಿನಲ್ಲಿ ಹೇಳಿದರೆ ಸುಮ್ಮನೆ ನಿಮಗೆ ಬೇಜಾರಾಗುತ್ತಿತ್ತಲ್ಲ ಎಂದಳು. ಅಂದರೆ ನನಗೆ ಬೇಜಾರಾಗುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ನಂಬಿಸಿ ಕುತ್ತಿಗೆ ಕೊಯ್ಯುವುದು ಅಂದರೆ ಇನ್ನೇನು? ಅವಳು ತಂದಿಟ್ಟ ಚಹಾ ಕುಡಿಯದೆ ಎದ್ದು ಬಂದೆ.

“ಹೋಗ್ಲಿ ಬಿಡು, ಒಂದು ಗಿಡಾ ಅಷ್ಟ. ಪಾರ್ಕ್ ಎಷ್ಟು ಛಲೋ ಆಗೇದ ನೋಡು,” ಅಂದರು ಇವರು. ಆ ರಾತ್ರಿ ಇವರ ಮೇಲೂ ಸಿಟ್ಟು ಬಂತು.

ಈ ಸಲದ ಯುಗಾದಿಗೆ ಇವರು ಕಾರ್ಖಾನೆಯ ಕಾಂಪೌಂಡಿನಿಂದ ಹೂವಿದ್ದ ಒಂದು ಟೊಂಗೆ ತಂದುಕೊಟ್ಟರು. ಹೂವು ಬಿಡಿಸುತ್ತ ಕೂತಿದ್ದಾಗ ಬೆಲ್ ಆಯಿತು. ಬಾಗಿಲಲ್ಲಿ ಬೆನ್, ಕೈಯಲ್ಲಿ ಅದೇ ಸ್ಟೀಲ್ ಡಬ್ಬಿ.

“ಬೆನ್, ಇಸ್ ಬಾರ್ ಮೋರ್ ಕಹಾಂ ಸೇ ಲಾಯೀ? ಥೋಡಾ ಮುಝೇ ಭೀ.”

ಈ ಸಲ ಹೂವು ಎಲ್ಲಿಂದ ತಂದಿರಿ, ನನಗೂ ಸ್ವಲ್ಪ ಕೊಡಿ ಅಂತ. ಮುಖದಲ್ಲಿ ಅಳುಕಿಲ್ಲ, ನಾಚಿಕೆಯಿಲ್ಲ. ಏನೇನೋ ಅನ್ನಬೇಕೆಂದು ತಿಂಗಳುಗಟ್ಟಲೆ ಕೂಡಿಟ್ಟುಕೊಂಡಿದ್ದೆ. ಅದನ್ನೆಲ್ಲ ಬಿಟ್ಟು, ಬಾಗಿಲ ಹಿಂದೆ ಒರಗಿಸಿದ್ದ ದೋಟಿಯನ್ನು ತೆಗೆದು ಅವಳ ಕೈಗಿಟ್ಟೆ. “ನೀವೇ ಕಿತ್ತುಕೊಳ್ಳಿ,” ಎಂದು ಹಿಂದಿಯಲ್ಲಿ ಹೇಳಿ ಬಾಗಿಲು ಹಾಕಿಕೊಂಡೆ. ಇನ್ನಾದರೂ ತಿಳಿದೀತು ಅಂದುಕೊಂಡೆ.

ನಮ್ಮ ಅಡುಗೆಮನೆಯ ಕಿಟಕಿಯಿಂದ ಅವಳ ಬಾಲ್ಕನಿ ಓರೆಯಾಗಿ ಕಾಣುತ್ತದೆ. ಬಿಸಿಲಿಗೆಂದು ಬಿದಿರಿನ ಪರದೆ ಕಟ್ಟಿಸಿದ್ದಾಳೆ; ಅದರ ಹಗ್ಗ ಅವಳಿಗೆ ಎಟುಕುವುದಿಲ್ಲ. ದಿನಾ ಸಂಜೆ ಪಾರ್ಕಿನ ದೀಪ ಹತ್ತುವ ಹೊತ್ತಿಗೆ ನನ್ನ ದೋಟಿಯಿಂದ ಆ ಹಗ್ಗ ಎಳೆದು, ಪರದೆ ಮೇಲೆತ್ತಿ, ಕೆರೆ ನೋಡುತ್ತ ಕೂರುತ್ತಾಳೆ.